ಸಿಕಲ್ ಸೆಲ್ ಕಾಯಿಲೆ: ಒಂದು ಅಣು ಬದಲಾದರೆ ರಕ್ತದಲ್ಲಿ ಏನಾಗುತ್ತದೆ? ಪದೇ ಪದೇ ಕೇಳುವ ಪ್ರಶ್ನೆಗಳು

ಸರ್ಕಾರಿ ಕಾಗದಗಳಲ್ಲಿ ಕುಡುಗೋಲು ಕಣ ರಕ್ತಹೀನತೆ, ಆಸ್ಪತ್ರೆಯಲ್ಲಿ ಎಲ್ಲರ ಬಾಯಲ್ಲೂ ಸಿಕಲ್ ಸೆಲ್. ರೋಗಿಗಳ ಮನೆಯವರು, ಆಶಾ ಕಾರ್ಯಕರ್ತೆಯರು, ಲ್ಯಾಬ್ ತಂತ್ರಜ್ಞರು, ನರ್ಸಿಂಗ್ ಮತ್ತು ಜೀವಶಾಸ್ತ್ರದ ವಿದ್ಯಾರ್ಥಿಗಳು ಈ ಕಾಯಿಲೆಯ ಬಗ್ಗೆ ಹೆಚ್ಚಾಗಿ ಕೇಳುವುದನ್ನು ಇಲ್ಲಿ ಒಟ್ಟಿಗೆ ಹಾಕಿದ್ದೇವೆ. ನೀರು ಕುಡಿಯಿರಿ, ಬೆಚ್ಚಗಿರಿ, ಮಾತ್ರೆ ತಪ್ಪಿಸಬೇಡಿ ಎಂದು ಎಲ್ಲರೂ ಹೇಳುತ್ತಾರೆ. ಯಾಕೆ ಎಂದು ಹೇಳುವವರು ಕಡಿಮೆ. ಆ ಕಾರಣ ಹಿಮೋಗ್ಲೋಬಿನ್ ಅಣುವಿನಲ್ಲೇ ಇರುವುದರಿಂದ ಅಲ್ಲಿಂದಲೇ ಶುರು ಮಾಡಿದ್ದೇವೆ. ಔಷಧದ ಪ್ರಮಾಣಗಳನ್ನು ಕೊಟ್ಟಿರುವುದು ವೈದ್ಯರ ಚೀಟಿ ಅರ್ಥವಾಗಲಿ ಎಂದು. ನೀವೇ ಲೆಕ್ಕ ಹಾಕಿ ನುಂಗಲಿಕ್ಕಲ್ಲ.

ಹಿಮೋಗ್ಲೋಬಿನ್‌ನಲ್ಲಿ ಬದಲಾಗಿರುವುದು ಏನು?

ವಯಸ್ಕರ ಹಿಮೋಗ್ಲೋಬಿನ್ ಅಣುವಿನಲ್ಲಿ ನಾಲ್ಕು ಪ್ರೋಟೀನ್ ಸರಪಳಿಗಳಿವೆ. ಎರಡು ಆಲ್ಫಾ, ಒಂದೊಂದರಲ್ಲಿ 141 ಅಮೈನೋ ಆಮ್ಲ. ಎರಡು ಬೀಟಾ, ಒಂದೊಂದರಲ್ಲಿ 146. ಬೀಟಾ ಸರಪಳಿಯ ಜೀನ್ ಇರುವುದು 11ನೇ ವರ್ಣತಂತುವಿನಲ್ಲಿ. ಆ ಜೀನ್‌ನಲ್ಲಿ ‘ಜಿಎಜಿ’ ಎಂದಿರಬೇಕಾದ ಮೂರಕ್ಷರ ‘ಜಿಟಿಜಿ’ ಆಗಿದೆ. ಬದಲಾಗಿರುವುದು ಒಂದೇ ಅಕ್ಷರ. ಅದರಿಂದ ಬೀಟಾ ಸರಪಳಿಯ ಆರನೇ ಜಾಗದಲ್ಲಿ ಗ್ಲುಟಾಮಿಕ್ ಆಮ್ಲದ ಬದಲು ವ್ಯಾಲಿನ್ ಬಂದು ಕೂರುತ್ತದೆ. ಇದೇ ಹಿಮೋಗ್ಲೋಬಿನ್ ಎಸ್.

ಈಗಿನ ಜೀನ್ ವರದಿಗಳಲ್ಲಿ ಆರರ ಬದಲು ಏಳು ಎಂದು ಇರುವುದನ್ನು ಕಂಡು ಕೆಲವರು ಗಾಬರಿಯಾಗುತ್ತಾರೆ. ಎರಡೂ ಒಂದೇ. ಸರಪಳಿ ಹುಟ್ಟುವಾಗ ಮೊದಲು ಸೇರಿ ಆಮೇಲೆ ಕಳಚಿಹೋಗುವ ಮಿಥಿಯೋನಿನ್ ಅನ್ನೂ ಹೊಸ ಪದ್ಧತಿ ಎಣಿಸುತ್ತದೆ, ಅಷ್ಟೇ.

ಕುಡುಗೋಲಿನಂತೆ ಬಾಗಿದ ಕೆಂಪು ರಕ್ತಕಣಗಳನ್ನು ಸೂಕ್ಷ್ಮದರ್ಶಕದಲ್ಲಿ ಕಂಡು ವೈದ್ಯಲೋಕಕ್ಕೆ ವರದಿ ಮಾಡಿದ್ದು 1910ರಲ್ಲಿ, ಶಿಕಾಗೋದ ಜೇಮ್ಸ್ ಹೆರಿಕ್. ದೋಷ ಇರುವುದು ಹಿಮೋಗ್ಲೋಬಿನ್ ಅಣುವಿನಲ್ಲೇ ಎಂದು ಲೈನಸ್ ಪಾಲಿಂಗ್ ಮತ್ತು ಸಂಗಡಿಗರು 1949ರಲ್ಲಿ ತೋರಿಸಿದರು. ವಿದ್ಯುತ್ ಕ್ಷೇತ್ರದಲ್ಲಿಟ್ಟಾಗ ರೋಗಿಗಳ ಹಿಮೋಗ್ಲೋಬಿನ್ ಬೇರೆ ವೇಗದಲ್ಲಿ ಸರಿಯುತ್ತಿತ್ತು. ಋಣ ವಿದ್ಯುದಂಶವಿರುವ ಗ್ಲುಟಾಮಿಕ್ ಆಮ್ಲ ಹೋಗಿ, ವಿದ್ಯುದಂಶವೇ ಇಲ್ಲದ ವ್ಯಾಲಿನ್ ಬಂದಿದ್ದೇ ಅದಕ್ಕೆ ಕಾರಣವೆಂದು ಕೇಂಬ್ರಿಡ್ಜ್‌ನ ವರ್ನನ್ ಇಂಗ್ರಾಂ ಕೆಲವೇ ವರ್ಷಗಳಲ್ಲಿ ಬಿಡಿಸಿ ಹೇಳಿದರು. ‘ಅಣುವಿನ ಕಾಯಿಲೆ’ ಎಂಬ ಮಾತು ಬಳಕೆಗೆ ಬಂದಿದ್ದು ಈ ರೋಗದಿಂದಲೇ.

574 ಅಮೈನೋ ಆಮ್ಲಗಳಲ್ಲಿ ಎರಡು ಬದಲಾದರೆ ಇಡೀ ಕಣದ ಆಕಾರ ಯಾಕೆ ಕೆಡಬೇಕು?

ಬದಲಾದ ಜಾಗ ಅಣುವಿನ ಹೊರಮೈಯಲ್ಲಿದೆ. ಗ್ಲುಟಾಮಿಕ್ ಆಮ್ಲಕ್ಕೆ ನೀರಿನ ಜೊತೆ ಹೊಂದಿಕೆ, ವ್ಯಾಲಿನ್‌ಗೆ ನೀರು ಆಗದು. ಹಿಮೋಗ್ಲೋಬಿನ್ ಆಮ್ಲಜನಕ ಹೊತ್ತಿರುವಾಗ ಇದರಿಂದ ತೊಂದರೆಯಿಲ್ಲ. ಆಮ್ಲಜನಕ ಬಿಟ್ಟುಕೊಟ್ಟ ಮೇಲೆ ಅಣುವಿನ ಆಕಾರ ಸ್ವಲ್ಪ ತಿರುಗುತ್ತದೆ. ಆಗ ಬೀಟಾ ಸರಪಳಿಯಲ್ಲಿ 85ನೇ ಫಿನೈಲ್‌ಅಲನಿನ್ ಮತ್ತು 88ನೇ ಲ್ಯೂಸಿನ್ ನಡುವೆ ಒಂದು ಸಣ್ಣ ಗುಳಿ ತೆರೆದುಕೊಳ್ಳುತ್ತದೆ. ಅದಕ್ಕೂ ನೀರು ಆಗದು. ಪಕ್ಕದ ಅಣುವಿನ ವ್ಯಾಲಿನ್ ಸರಿಯಾಗಿ ಆ ಗುಳಿಯಲ್ಲಿ ಕೂರುತ್ತದೆ. ಅದರ ಪಕ್ಕಕ್ಕೆ ಮತ್ತೊಂದು, ಮಗದೊಂದು. ಹೀಗೆ ಹದಿನಾಲ್ಕು ಎಳೆ ಹೆಣೆದುಕೊಂಡ ಗಟ್ಟಿ ನಾರುಗಳಾಗಿ, ಅವು ಉದ್ದಕ್ಕೆ ಬೆಳೆದು, ಕಣದ ಪೊರೆಯನ್ನು ಒಳಗಿನಿಂದ ಹೊರಕ್ಕೆ ತಳ್ಳುತ್ತವೆ. ಕುಡುಗೋಲಿನ ಆಕಾರ ಬರುವುದು ಹೀಗೆ.

ಕೆಂಪು ರಕ್ತಕಣದಲ್ಲಿ ಕೋಶಕೇಂದ್ರವಿಲ್ಲ, ಮೈಟೋಕಾಂಡ್ರಿಯಾ ಇಲ್ಲ. ಒಂದು ಕಣದೊಳಗೆ ಸುಮಾರು 27 ಕೋಟಿ ಹಿಮೋಗ್ಲೋಬಿನ್ ಅಣುಗಳು ಒತ್ತಾಗಿ ತುಂಬಿವೆ, ಡೆಸಿಲೀಟರಿಗೆ 33 ಗ್ರಾಂ ಆಸುಪಾಸು. ಇಷ್ಟು ದಟ್ಟಣೆ ಇಲ್ಲದಿದ್ದರೆ ಈ ಕಾಯಿಲೆಯೂ ಇರುತ್ತಿರಲಿಲ್ಲ. ಹಿಮೋಗ್ಲೋಬಿನ್ ಎಸ್ ತೆಳು ದ್ರಾವಣದಲ್ಲಿ ಸುಮ್ಮನೇ ಕರಗಿಕೊಂಡಿರುತ್ತದೆ.

ಹಾಗಾದರೆ ರೋಗಿಯ ಕಣಗಳೆಲ್ಲ ಸದಾ ಕುಡುಗೋಲಾಗಿಯೇ ಇರುತ್ತವೆಯೇ?

ಇಲ್ಲ. ಈ ಇಡೀ ಕಾಯಿಲೆಯಲ್ಲಿ ತಿಳಿದುಕೊಳ್ಳಲೇಬೇಕಾದ ಸಂಗತಿ ಯಾವುದು ಎಂದರೆ ನಾವು ಇದನ್ನೇ ಹೇಳುತ್ತೇವೆ.

ಆಮ್ಲಜನಕ ಬಿಟ್ಟ ಕ್ಷಣಕ್ಕೇ ನಾರು ಕಟ್ಟುವುದಿಲ್ಲ. ಮೊದಲ ಕೆಲವು ಅಣುಗಳು ಸೇರಿ ಬೀಜವಾಗಲು ಸ್ವಲ್ಪ ಹೊತ್ತು ಬೇಕು. ಕಣವೊಂದು ಸೂಕ್ಷ್ಮ ರಕ್ತನಾಳವನ್ನು ದಾಟಲು ತೆಗೆದುಕೊಳ್ಳುವುದು ಸುಮಾರು ಒಂದು ಸೆಕೆಂಡು. ಬೀಜ ಕಟ್ಟುವ ಮೊದಲೇ ಅದು ದಾಟಿಬಿಟ್ಟರೆ, ಶ್ವಾಸಕೋಶಕ್ಕೆ ಹೋಗಿ ಮತ್ತೆ ಆಮ್ಲಜನಕ ತುಂಬಿಕೊಂಡು ಮಾಮೂಲಾಗುತ್ತದೆ. ನಾಳದೊಳಗೇ ಬೀಜ ಕಟ್ಟಿದರೆ ಅಲ್ಲೇ ಸಿಕ್ಕಿಕೊಳ್ಳುತ್ತದೆ.

ಈ ಕಾಯುವ ಹೊತ್ತು ಕಣದೊಳಗಿನ ಹಿಮೋಗ್ಲೋಬಿನ್ ದಟ್ಟಣೆಯನ್ನು ಅವಲಂಬಿಸಿದೆ, ಅದೂ ಹೆಚ್ಚುಕಡಿಮೆ ಮೂವತ್ತನೇ ಘಾತದಲ್ಲಿ. ಲೆಕ್ಕ ಹಾಕಿ ನೋಡಿ: ದಟ್ಟಣೆ 32ರಿಂದ 34ಕ್ಕೆ ಏರಿದರೆ ಕಾಯುವ ಹೊತ್ತು ಸುಮಾರು ಆರನೇ ಒಂದು ಭಾಗಕ್ಕೆ ಇಳಿಯುತ್ತದೆ. ಬಿಸಿಲಲ್ಲಿ ಬೆವರಿ, ನೀರು ಕುಡಿಯದೆ ಕಣ ಸ್ವಲ್ಪ ಒಣಗಿದರೂ ಸಾಕು, ನಿನ್ನೆ ದಾಟುತ್ತಿದ್ದ ನಾಳದಲ್ಲಿ ಇವತ್ತು ಸಿಕ್ಕಿಬೀಳುತ್ತದೆ.

ಉಳಿದ ಪ್ರಚೋದಕಗಳನ್ನೂ ಇದೇ ಲೆಕ್ಕದಲ್ಲಿ ಅರ್ಥ ಮಾಡಿಕೊಳ್ಳಬಹುದು. ಜ್ವರದ ಬಿಸಿ ನಾರು ಕಟ್ಟುವುದನ್ನು ಚುರುಕುಗೊಳಿಸುತ್ತದೆ. ರಕ್ತದಲ್ಲಿ ಆಮ್ಲೀಯತೆ ಹೆಚ್ಚಿದರೆ ಹಿಮೋಗ್ಲೋಬಿನ್ ಆಮ್ಲಜನಕವನ್ನು ಬೇಗ ಬಿಡುತ್ತದೆ. ಚಳಿಯದು ವಿಚಿತ್ರ: ತಣ್ಣಗಿದ್ದರೆ ನಾರು ಕಟ್ಟುವುದು ಕಡಿಮೆಯಾಗಬೇಕು, ಪ್ರಯೋಗಶಾಲೆಯಲ್ಲಿ ಆಗುವುದೂ ಹಾಗೆಯೇ. ಆದರೆ ದೇಹದಲ್ಲಿ ಚಳಿಗೆ ರಕ್ತನಾಳಗಳು ಸೆಡೆತು ಹರಿವು ನಿಧಾನವಾಗುತ್ತದೆ, ಕಣಕ್ಕೆ ದಾಟಲು ಸಮಯ ಸಾಲುವುದಿಲ್ಲ. ನೋವಿಗೆ ಐಸ್ ಇಡಬೇಡಿ ಎನ್ನುವುದು ಇದಕ್ಕೇ.

ಸೆಡೆತು ಬಿಟ್ಟು, ಸೆಡೆತು ಬಿಟ್ಟು ಕಣದ ಪೊರೆ ಹಾಳಾಗುತ್ತದೆ. ಕ್ಯಾಲ್ಸಿಯಂ ಒಳಗೆ ನುಗ್ಗಿ, ಗಾರ್ಡೋಸ್ ಎಂಬ ಪೊರೆದ್ವಾರ ತೆರೆದು, ಪೊಟ್ಯಾಸಿಯಂ ಹೊರಗೆ ಹೋಗುತ್ತದೆ. ಅದರ ಹಿಂದೆಯೇ ನೀರೂ ಹೋಗುತ್ತದೆ. ದಟ್ಟಣೆ ಇನ್ನಷ್ಟು ಏರುತ್ತದೆ. ಕೊನೆಗೆ ಕೆಲವು ಕಣಗಳು ಎಷ್ಟೇ ಆಮ್ಲಜನಕ ಸಿಕ್ಕರೂ ಮೊದಲಿನಂತಾಗುವುದಿಲ್ಲ. ರಕ್ತಲೇಪದಲ್ಲಿ ನಮಗೆ ಕಾಣುವ ಕುಡುಗೋಲುಗಳು ಹೆಚ್ಚಾಗಿ ಇವೇ.

ನೋವು ಯಾಕೆ ಅಷ್ಟು ತೀವ್ರ?

ಮೂಳೆಯೊಳಗಿನ ಅಸ್ಥಿಮಜ್ಜೆಗೆ ರಕ್ತ ಸಿಗದೆ ಅಲ್ಲಿನ ಅಂಗಾಂಶ ಸಾಯತೊಡಗುತ್ತದೆ, ಸುತ್ತಲೂ ಹಿಗ್ಗಲು ಜಾಗವಿಲ್ಲದ ಗಟ್ಟಿ ಮೂಳೆ. ಬೆನ್ನು, ಎದೆ, ತೊಡೆ, ಮೊಳಕಾಲಿನಲ್ಲಿ ನೋವು ಹೆಚ್ಚು. ನಾಳ ಕಟ್ಟಿಕೊಳ್ಳಲು ಆಕಾರವೊಂದೇ ಕಾರಣವೂ ಅಲ್ಲ: ಹಾಳಾದ ಪೊರೆಯ ಕಣಗಳು ನಾಳದ ಒಳಗೋಡೆಗೆ, ಬಿಳಿ ರಕ್ತಕಣಗಳಿಗೆ ಅಂಟಿಕೊಳ್ಳುತ್ತವೆ. ಸೋಂಕು ಬಂದಾಗ ಬಿಳಿ ಕಣ ಹೆಚ್ಚುವುದರಿಂದ ನೋವಿನ ಬಿಕ್ಕಟ್ಟು ಬೆನ್ನಿಗೇ ಬರುವುದುಂಟು. ಹೊರಗೆ ಊತವಿಲ್ಲ, ಎಕ್ಸ್‌ರೇಯಲ್ಲಿ ಏನೂ ಇಲ್ಲ ಎಂದು ರೋಗಿ ನಾಟಕ ಮಾಡುತ್ತಿದ್ದಾರೆ ಎಂದುಕೊಳ್ಳಬಾರದು. ಶುರುವಿನಲ್ಲಿ ಎಕ್ಸ್‌ರೇಯಲ್ಲಿ ಏನೂ ಕಾಣದಿರುವುದೇ ಸಹಜ.

ಕಣ್ಣು ಹಳದಿ ಇದೆ. ಕಾಮಾಲೆಯ ನಾಟಿ ಔಷಧ ಕೊಡಿಸಬಹುದೇ?

ಬೇಡ. ಆರೋಗ್ಯವಂತರ ಕೆಂಪುಕಣ 120 ದಿನ ಬದುಕುತ್ತದೆ, ಸಿಕಲ್ ಕಣ 10ರಿಂದ 20 ದಿನ. ಒಡೆದ ಕಣಗಳ ಹಿಮೋಗ್ಲೋಬಿನ್‌ನಿಂದ ಬಿಲಿರುಬಿನ್ ಹುಟ್ಟಿ ಕಣ್ಣು ಹಳದಿಯಾಗಿರುತ್ತದೆ, ಯಕೃತ್ತಿನ ತಪ್ಪು ಸಾಮಾನ್ಯವಾಗಿ ಇರುವುದಿಲ್ಲ. ಎಣ್ಣೆ, ಉಪ್ಪು, ಬೇಳೆ ಬಿಡಿಸಿ ಪಥ್ಯ ಮಾಡಿಸಿದರೆ ಮೊದಲೇ ಸೊರಗಿದ ಮಗು ಇನ್ನೂ ಸೊರಗುತ್ತದೆ. ಹಳದಿ ಎಂದಿಗಿಂತ ಹೆಚ್ಚಾಗಿ, ಬಲಪಕ್ಕೆಯ ಕೆಳಗೆ ನೋವು ಬಂದರೆ ಅಲ್ಟ್ರಾಸೌಂಡ್ ಮಾಡಿಸಿ. ವರ್ಷಗಟ್ಟಲೆ ಹೆಚ್ಚಿರುವ ಬಿಲಿರುಬಿನ್‌ನಿಂದ ಪಿತ್ತಕೋಶದಲ್ಲಿ ಕಲ್ಲಾಗುವುದು ಈ ಕಾಯಿಲೆಯಲ್ಲಿ ತೀರ ಸಾಮಾನ್ಯ.

ಒಡೆದ ಕಣದಿಂದ ಹೊರಬಿದ್ದ ಹಿಮೋಗ್ಲೋಬಿನ್ ಇನ್ನೊಂದು ಹಾನಿ ಮಾಡುತ್ತದೆ. ರಕ್ತನಾಳವನ್ನು ಸಡಿಲವಾಗಿಡುವ ನೈಟ್ರಿಕ್ ಆಕ್ಸೈಡನ್ನು ಅದು ಹೀರಿಕೊಳ್ಳುತ್ತದೆ, ನಾಳಗಳು ಬಿಗಿಯುತ್ತವೆ.

ರಕ್ತ ಕಡಿಮೆ ಇದೆ ಎಂದು ಕಬ್ಬಿಣದ ಮಾತ್ರೆ ಕೊಟ್ಟಿದ್ದಾರೆ. ತೆಗೆದುಕೊಳ್ಳಬಹುದೇ?

ಫೆರಿಟಿನ್ ಪರೀಕ್ಷೆಯಲ್ಲಿ ಕಬ್ಬಿಣದ ಕೊರತೆ ಖಚಿತವಾದರೆ ಮಾತ್ರ. ಇಲ್ಲಿ ರಕ್ತ ಕಡಿಮೆಯಾಗುವುದು ಕಣ ಒಡೆಯುವುದರಿಂದ. ಒಡೆದ ಕಣದ ಕಬ್ಬಿಣ ದೇಹದಲ್ಲೇ ಉಳಿದು ಮರುಬಳಕೆಯಾಗುತ್ತದೆ. ಹಲವು ಬಾರಿ ರಕ್ತ ಹಾಕಿಸಿಕೊಂಡವರಲ್ಲಂತೂ ಕಬ್ಬಿಣ ಮೊದಲೇ ಅತಿಯಾಗಿರಬಹುದು. ಬೇಕಾಗುವುದು ಫೋಲಿಕ್ ಆಮ್ಲ, ಏಕೆಂದರೆ ಮಜ್ಜೆ ಬಿಡುವಿಲ್ಲದೆ ಹೊಸ ಕಣ ತಯಾರಿಸುತ್ತಿರುತ್ತದೆ. ಗರ್ಭಿಣಿಯರಿಗೂ ಶಾಲಾ ಮಕ್ಕಳಿಗೂ ಹಂಚುವ ಮಾತ್ರೆಯಲ್ಲಿ ಕಬ್ಬಿಣ ಮತ್ತು ಫೋಲಿಕ್ ಆಮ್ಲ ಒಟ್ಟಿಗೇ ಇರುತ್ತವೆ. ಆದ್ದರಿಂದ ಮಗುವಿಗೆ ಸಿಕಲ್ ಸೆಲ್ ಇದ್ದರೆ ಶಾಲೆಯ ಮೇಷ್ಟ್ರಿಗೆ, ಆಶಾ ಕಾರ್ಯಕರ್ತೆಗೆ ಮೊದಲೇ ತಿಳಿಸಿ. ವಾಹಕರಿಗೆ, ಅಂದರೆ ತಂದೆತಾಯಿಯರಲ್ಲಿ ಒಬ್ಬರಿಂದ ಮಾತ್ರ ಕೆಟ್ಟ ಜೀನ್ ಪಡೆದವರಿಗೆ, ಈ ನಿರ್ಬಂಧವಿಲ್ಲ.

ರೋಗಿಯ ಹಿಮೋಗ್ಲೋಬಿನ್ 7ರಿಂದ 9ರ ನಡುವೆ ಇರುವುದು ಅವರ ಮಟ್ಟಿಗೆ ಮಾಮೂಲು. ಚೆನ್ನಾಗಿದ್ದಾಗಿನ ಅಂಕಿಯನ್ನು ಚಿಕಿತ್ಸೆಯ ಪುಸ್ತಕದ ಮೊದಲ ಪುಟದಲ್ಲಿ ಬರೆದಿಟ್ಟಿರಿ. ತುರ್ತಿನಲ್ಲಿ ವೈದ್ಯರಿಗೆ ಹೋಲಿಸಿ ನೋಡಲು ಅದೇ ಬೇಕು.

ಹುಟ್ಟಿದಾಗ ಮಗು ಚೆನ್ನಾಗಿತ್ತು. ಆರು ತಿಂಗಳಾದ ಮೇಲೆ ಯಾಕೆ ಶುರುವಾಯಿತು?

ಹುಟ್ಟುವಾಗ ಮಗುವಿನ ರಕ್ತದಲ್ಲಿ ಹೆಚ್ಚಿನ ಪಾಲು ಹಿಮೋಗ್ಲೋಬಿನ್ ಎಫ್. ಅದರಲ್ಲಿ ಬೀಟಾ ಬದಲು ಗಾಮಾ ಸರಪಳಿ. ಅದು ನಾರಿಗೆ ಸೇರಿಕೊಳ್ಳುವುದಿಲ್ಲ, ಸೇರಲು ಬಂದವರನ್ನೂ ತಡೆಯುತ್ತದೆ. ತಿಂಗಳು ಕಳೆದಂತೆ ಗಾಮಾ ಕಡಿಮೆಯಾಗಿ ಬೀಟಾ ಹೆಚ್ಚುತ್ತದೆ, ಐದಾರು ತಿಂಗಳಿಗೆ ರಕ್ಷಣೆ ಸಾಲದಾಗುತ್ತದೆ. ಮೊದಲ ಲಕ್ಷಣ ಅನೇಕ ಮಕ್ಕಳಲ್ಲಿ ಎರಡೂ ಅಂಗೈ, ಅಂಗಾಲಿನ ಮೇಲ್ಭಾಗ ಊದಿಕೊಂಡು ಮುಟ್ಟಲೂ ಬಿಡದೆ ಅಳುವುದು. ಪೆಟ್ಟು ಬಿದ್ದಿದೆ ಎಂದುಕೊಂಡು ಎಣ್ಣೆ ತಿಕ್ಕಿಸುವುದು ಬೇಡ.

ಈ ವಯಸ್ಸಿನಲ್ಲಿ ಜೀವಕ್ಕೆ ಅಪಾಯ ತರುವುದು ಎರಡು. ಒಂದು, ಗುಲ್ಮದ ತೊಂದರೆ. ಎಡಪಕ್ಕೆಲುಬಿನ ಕೆಳಗಿರುವ ಗುಲ್ಮ ರಕ್ತದಲ್ಲಿನ ಬ್ಯಾಕ್ಟೀರಿಯಾವನ್ನು ಸೋಸುವ ಅಂಗ. ಸಿಕಲ್ ಕಣಗಳು ಕೆಲವೊಮ್ಮೆ ಅಲ್ಲಿ ಇದ್ದಕ್ಕಿದ್ದಂತೆ ತುಂಬಿಕೊಂಡು, ಗಂಟೆಗಳೊಳಗೆ ಹಿಮೋಗ್ಲೋಬಿನ್ ಎರಡು ಗ್ರಾಂಗಿಂತ ಹೆಚ್ಚು ಕುಸಿಯಬಹುದು. ಮಗು ಬಿಳಿಚಿಕೊಳ್ಳುತ್ತದೆ, ಹೊಟ್ಟೆ ಉಬ್ಬುತ್ತದೆ, ಮಂಕಾಗುತ್ತದೆ. ತಾಯಂದಿರಿಗೆ ಗುಲ್ಮ ಮುಟ್ಟಿ ನೋಡುವುದನ್ನು ಕಲಿಸಬೇಕು: ಮಗುವನ್ನು ಅಂಗಾತ ಮಲಗಿಸಿ, ಎಡ ಕೆಳಹೊಟ್ಟೆಯಿಂದ ಮೇಲಕ್ಕೆ ಬೆರಳುಗಳನ್ನು ಮೆಲ್ಲಗೆ ಒತ್ತುತ್ತ ಹೋಗಿ, ಗಟ್ಟಿ ಅಂಚು ಎಲ್ಲಿ ಸಿಗುತ್ತದೆ ಎಂದು ಪಕ್ಕೆಲುಬಿನಿಂದ ಎಷ್ಟು ಬೆರಳು ಕೆಳಗೆ ಎಂದು ಎಣಿಸುವುದು. ಎಂದಿಗಿಂತ ಒಂದೆರಡು ಬೆರಳು ಹೆಚ್ಚಾಗಿದ್ದು ಮಗು ಬಿಳಿಚಿದ್ದರೆ ಅದೇ ಗಳಿಗೆಗೆ ಆಸ್ಪತ್ರೆಗೆ ಹೊರಡಿ.

ಎರಡು, ನ್ಯುಮೋಕಾಕಸ್ ಎಂಬ ಬ್ಯಾಕ್ಟೀರಿಯಾದ ಸೋಂಕು. ಗುಲ್ಮ ಕೆಲಸ ನಿಲ್ಲಿಸಿದ ಮಗುವಿಗೆ ಬೆಳಿಗ್ಗೆ ಜ್ವರ ಬಂದು ರಾತ್ರಿಯೊಳಗೆ ಕೈಮೀರಬಹುದು. ಅದಕ್ಕಾಗಿ ಪೆನಿಸಿಲಿನ್ ವಿ, ದಿನಕ್ಕೆರಡು ಬಾರಿ: ಮೂರು ವರ್ಷದವರೆಗೆ 125 ಮಿ.ಗ್ರಾಂ, ಆಮೇಲೆ ಐದು ತುಂಬುವವರೆಗೆ 250 ಮಿ.ಗ್ರಾಂ. ಜೊತೆಗೆ ನ್ಯುಮೋಕಾಕಲ್ ಲಸಿಕೆ. ಲಸಿಕೆ ಹಾಕಿಸಿದ್ದೇವೆ ಎಂದು ಪೆನಿಸಿಲಿನ್ ನಿಲ್ಲಿಸಬಾರದು. ಲಸಿಕೆ ಎಲ್ಲ ತಳಿಗಳನ್ನೂ ತಡೆಯುವುದಿಲ್ಲ.

‘ವಾಹಕ’ ಎಂದು ತಪಾಸಣೆಯ ಕಾರ್ಡಿನಲ್ಲಿ ಬರೆದಿದ್ದಾರೆ. ಮುಂದೆ ಕಾಯಿಲೆಯಾಗುತ್ತದೆಯೇ?

ಆಗುವುದಿಲ್ಲ. ವಾಹಕರು ಕೊನೆಯವರೆಗೂ ವಾಹಕರೇ. ಅವರ ಕಣದಲ್ಲಿ ಹಿಮೋಗ್ಲೋಬಿನ್ ಎ ಸುಮಾರು 55ರಿಂದ 60 ಶೇಕಡಾ, ಎಸ್ 35ರಿಂದ 40. ಈ ಮಿಶ್ರಣದಲ್ಲಿ ನಾರು ಕಟ್ಟಲು ಬಹಳ ಹೊತ್ತು ಬೇಕು. ಮೈಕೈ ನೋವು, ಸುಸ್ತು ಎಂದು ಬಂದ ವಾಹಕರಿಗೆ ‘ಸಿಕಲ್ ಇದೆಯಲ್ಲ, ಅದಕ್ಕೇ’ ಎಂದು ಹೇಳಿ ಕಳಿಸುವುದು ಸೋಮಾರಿತನ. ಬೇರೆ ಕಾರಣ ಹುಡುಕಬೇಕು. ಅಪರೂಪಕ್ಕೆ ಮೂತ್ರದಲ್ಲಿ ರಕ್ತ ಕಾಣಿಸಬಹುದು. ಬಿಸಿಲಿನಲ್ಲಿ ನೀರಿಲ್ಲದೆ ಅತಿಯಾಗಿ ಓಡುವ ಪೊಲೀಸ್, ಸೇನಾ ತರಬೇತಿಯಂಥ ಕಡೆ ಎಚ್ಚರ ಬೇಕು.

ಇಬ್ಬರು ವಾಹಕರು ಮದುವೆಯಾದರೆ?

ಪ್ರತಿ ಬಸಿರಿನಲ್ಲೂ ಕಾಯಿಲೆಯ ಸಂಭವ 25 ಶೇಕಡಾ, ವಾಹಕ ಮಗುವಿನ ಸಂಭವ 50, ಏನೂ ಇಲ್ಲದ ಮಗುವಿನ ಸಂಭವ 25. ‘ನಾಲ್ವರಲ್ಲಿ ಒಬ್ಬರಿಗೆ’ ಎಂದು ಹೇಳಿದ್ದನ್ನು ಕೇಳಿ, ಮೊದಲ ಮಗುವಿಗೆ ಬಂದಾಗಿದೆ, ಇನ್ನು ಮೂವರಿಗೆ ಬರುವುದಿಲ್ಲ ಎಂದು ನಂಬಿದ ಮನೆಗಳಿವೆ. ಹಾಗಲ್ಲ. ಇಂಥ ದಂಪತಿಗಳಿಗೆ ನಾಲ್ಕು ಮಕ್ಕಳಿರುವ ನೂರು ಮನೆ ತೆಗೆದುಕೊಂಡರೆ ಸುಮಾರು 32ರಲ್ಲಿ ಯಾವ ಮಗುವಿಗೂ ಕಾಯಿಲೆ ಇರುವುದಿಲ್ಲ, ಸುಮಾರು 26ರಲ್ಲಿ ಇಬ್ಬರಿಗೋ ಹೆಚ್ಚು ಮಕ್ಕಳಿಗೋ ಇರುತ್ತದೆ.

ರೋಗಿ ಮತ್ತು ವಾಹಕರ ಮದುವೆಯಲ್ಲಿ ಸಂಭವ 50 ಶೇಕಡಾ. ರೋಗಿಯ ಸಂಗಾತಿಗೆ ಯಾವ ದೋಷವೂ ಇಲ್ಲದಿದ್ದರೆ ಮಕ್ಕಳೆಲ್ಲ ವಾಹಕರಾಗುತ್ತಾರೆ, ಯಾರಿಗೂ ಕಾಯಿಲೆ ಬರುವುದಿಲ್ಲ. ‘ಸಂಗಾತಿಗೆ ಸಿಕಲ್ ಇಲ್ಲ’ ಎಂಬಷ್ಟೇ ವರದಿ ಸಾಲದು. ಬೀಟಾ ಥಲಸ್ಸೀಮಿಯಾದ (ಬೀಟಾ ಸರಪಳಿ ಸಾಕಷ್ಟು ತಯಾರಾಗದ ಕಾಯಿಲೆ) ವಾಹಕರಾಗಿದ್ದರೂ ಮಗುವಿಗೆ ಸಿಕಲ್-ಥಲಸ್ಸೀಮಿಯಾ ಬರಬಹುದು, ಅದೂ ಅಷ್ಟೇ ತೀವ್ರವಾಗಿರಬಲ್ಲದು. ಸೋದರಮಾವ, ಅತ್ತೆ-ಮಾವನ ಮಕ್ಕಳ ನಡುವಿನ ಮದುವೆಯಲ್ಲಿ ಇಬ್ಬರೂ ವಾಹಕರಾಗಿರುವ ಸಂಭವ ಹೆಚ್ಚು. ಕಾರ್ಡುಗಳನ್ನು ಮಾತುಕತೆಯ ಹಂತದಲ್ಲೇ ಪಕ್ಕಪಕ್ಕ ಇಟ್ಟು ನೋಡುವುದು ಒಳ್ಳೆಯದು. ಮದುವೆಯಾಗಿ ಬಸಿರಾದ ಮೇಲೆ ತಿಳಿದರೂ ದಾರಿಯಿದೆ: 11ರಿಂದ 13 ವಾರಗಳ ನಡುವೆ ಭ್ರೂಣದ ಹೊರಪೊರೆಯ ಚೂರು ತೆಗೆದು, ಅಥವಾ 15 ವಾರ ದಾಟಿದ ಮೇಲೆ ಗರ್ಭಜಲ ತೆಗೆದು ಜೀನ್ ಪರೀಕ್ಷೆ ಮಾಡಬಹುದು. ಮುಂದಿನ ನಿರ್ಧಾರ ದಂಪತಿಗಳದ್ದು.

ಶಿಬಿರದಲ್ಲಿ ಮಾಡುವ ಪರೀಕ್ಷೆ ಎಷ್ಟು ನಂಬಬಹುದು? ತಪ್ಪಾಗುವುದು ಎಲ್ಲಿ?

ಬಹುತೇಕ ಶಿಬಿರಗಳಲ್ಲಿ ಮಾಡುವುದು ಕರಗುವಿಕೆ ಪರೀಕ್ಷೆ. ಡೈಥಯೋನೈಟ್ ಇರುವ 2 ಮಿ.ಲೀ. ದ್ರಾವಣಕ್ಕೆ 20 ಮೈಕ್ರೋಲೀಟರ್ ರಕ್ತ ಸೇರಿಸಿ, ಬೆರೆಸಿ, ಐದು ನಿಮಿಷ ಬಿಡುತ್ತಾರೆ. ಡೈಥಯೋನೈಟ್ ಆಮ್ಲಜನಕ ಕಸಿಯುತ್ತದೆ, ಹಿಮೋಗ್ಲೋಬಿನ್ ಎಸ್ ಇದ್ದರೆ ಕರಗದೆ ಕದಡುತ್ತದೆ. ಕೊಳವೆಯ ಎರಡು ಮೂರು ಸೆಂಟಿಮೀಟರ್ ಹಿಂದೆ ಕಪ್ಪು ಗೆರೆಗಳ ಕಾರ್ಡು ಹಿಡಿಯಬೇಕು. ಗೆರೆ ಕಂಡರೆ ನೆಗೆಟಿವ್, ಕಾಣದಿದ್ದರೆ ಪಾಸಿಟಿವ್.

ತಪ್ಪುಗಳು ಹೆಚ್ಚಾಗಿ ಒಂದೇ ಬಗೆಯವು. ಫ್ರಿಜ್‌ನಿಂದ ತೆಗೆದ ದ್ರಾವಣವನ್ನು ತಣ್ಣಗಿರುವಾಗಲೇ ಬಳಸುವುದು. ಕಲಸಿ ತುಂಬಾ ದಿನವಾಗಿ ಡೈಥಯೋನೈಟ್ ಸತ್ವ ಕಳೆದುಕೊಂಡಿರುವುದು. ಹಿಮೋಗ್ಲೋಬಿನ್ 7ಕ್ಕಿಂತ ಕಡಿಮೆ ಇರುವವರ ರಕ್ತ 20 ಮೈಕ್ರೋಲೀಟರ್ ಸಾಲದೆ ನೆಗೆಟಿವ್ ಬರುವುದು. ಅಂಥವರಲ್ಲಿ ರಕ್ತದ ಪ್ರಮಾಣ ದುಪ್ಪಟ್ಟು ಮಾಡಬೇಕು. ಆರು ತಿಂಗಳೊಳಗಿನ ಕೂಸಿನಲ್ಲಿ ಹಿಮೋಗ್ಲೋಬಿನ್ ಎಫ್ ಹೆಚ್ಚಿರುವುದರಿಂದ ಈ ಪರೀಕ್ಷೆ ಮಾಡಲೇಬಾರದು. ರಕ್ತದಲ್ಲಿ ಕೊಬ್ಬು ತುಂಬಾ ಇದ್ದರೆ ಸುಳ್ಳು ಪಾಸಿಟಿವ್ ಬರಬಹುದು. ಗೊತ್ತಿರುವ ಪಾಸಿಟಿವ್ ಮತ್ತು ನೆಗೆಟಿವ್ ರಕ್ತವನ್ನು ಪ್ರತಿದಿನ ಜೊತೆಗೆ ಹಾಕಿ ನೋಡಿದರೆ ಇವುಗಳಲ್ಲಿ ಅರ್ಧ ಅಲ್ಲೇ ಸಿಕ್ಕಿಬೀಳುತ್ತವೆ.

ಎಲ್ಲಕ್ಕಿಂತ ಮುಖ್ಯ ಮಿತಿ: ಪಾಸಿಟಿವ್ ಬಂದವರು ವಾಹಕರೋ ರೋಗಿಯೋ ಎಂದು ಇದು ಹೇಳುವುದಿಲ್ಲ. ಅದಕ್ಕೆ ಹಿಮೋಗ್ಲೋಬಿನ್ ಬಗೆಗಳನ್ನು ಬೇರ್ಪಡಿಸಿ ತೋರಿಸುವ ಎಚ್‌ಪಿಎಲ್‌ಸಿ ಅಥವಾ ಎಲೆಕ್ಟ್ರೋಫೊರೆಸಿಸ್ ಪರೀಕ್ಷೆ ಬೇಕು. ಎಚ್‌ಪಿಎಲ್‌ಸಿಯಲ್ಲಿ ಹಿಮೋಗ್ಲೋಬಿನ್ ಎ ಇಲ್ಲವೇ ಇಲ್ಲ, ಎಸ್ ಬಹುಪಾಲು, ಉಳಿದದ್ದು ಎಫ್ ಎಂದಿದ್ದರೆ ರೋಗಿ. ಎ ಇದ್ದು ಅದು ಎಸ್‌ಗಿಂತ ಹೆಚ್ಚಿದ್ದರೆ ವಾಹಕ. ಎ ಇದ್ದೂ ಎಸ್‌ಗಿಂತ ಕಡಿಮೆ ಇದ್ದರೆ ಸಿಕಲ್-ಥಲಸ್ಸೀಮಿಯಾ ಇರಬಹುದು, ಅಥವಾ ಇತ್ತೀಚೆಗೆ ರಕ್ತ ಹಾಕಿಸಿಕೊಂಡಿರಬಹುದು. ಈ ಎರಡನೆಯ ಸಾಧ್ಯತೆಯನ್ನು ಕೇಳದೆಯೇ ವರದಿ ಬರೆಯುವುದು ದೊಡ್ಡ ತಪ್ಪು. ರಕ್ತ ಹಾಕಿಸಿ ಮೂರು ತಿಂಗಳು ಕಳೆದ ಮೇಲೆ ಪರೀಕ್ಷೆ ಮಾಡಿ. ಅಷ್ಟು ಕಾಯಲಾಗದಿದ್ದರೆ ತಂದೆತಾಯಿಯ ರಕ್ತ ನೋಡಿ.

ದಿನಕ್ಕೆ ಎಷ್ಟು ನೀರು?

ವಯಸ್ಕರಿಗೆ ಎರಡೂವರೆಯಿಂದ ಮೂರು ಲೀಟರ್, ಬಿಸಿಲಲ್ಲಿ ದುಡಿದರೆ ಇನ್ನೂ ಹೆಚ್ಚು. ಮಕ್ಕಳಿಗೆ ತೂಕದ ಲೆಕ್ಕ: ಮೊದಲ 10 ಕೆ.ಜಿ.ಗೆ ಕಿಲೋಗೆ 100 ಮಿ.ಲೀ., ಮುಂದಿನ 10 ಕೆ.ಜಿ.ಗೆ 50, ಆಮೇಲೆ 20. ಇಪ್ಪತ್ತು ಕಿಲೋ ಮಗುವಿಗೆ ಒಂದೂವರೆ ಲೀಟರ್ ಕನಿಷ್ಠ. ಹಾಲು, ಗಂಜಿ, ಮಜ್ಜಿಗೆ ಎಲ್ಲ ಸೇರಿ.

ಈ ರೋಗಿಗಳ ಮೂತ್ರಪಿಂಡಕ್ಕೆ ನೀರು ಉಳಿಸಿಕೊಳ್ಳಲು ಬರುವುದಿಲ್ಲ. ಮೂತ್ರಪಿಂಡದ ಒಳಭಾಗದಲ್ಲಿ ಆಮ್ಲಜನಕ ಕಡಿಮೆ, ಲವಣಾಂಶ ಹೆಚ್ಚು, ಕಣಗಳು ಒಣಗಿ ಸೆಡೆಯಲು ಹೇಳಿ ಮಾಡಿಸಿದ ಜಾಗ. ಅಲ್ಲಿಗೆ ಹಾನಿಯಾಗಿ ಮೂತ್ರ ಸದಾ ತೆಳ್ಳಗೆ, ಹೆಚ್ಚಾಗಿ ಹೋಗುತ್ತದೆ. ಹತ್ತು ವರ್ಷದ ಹುಡುಗ ಹಾಸಿಗೆ ಒದ್ದೆ ಮಾಡಿಕೊಂಡರೆ ಬೈಯಬೇಡಿ, ರಾತ್ರಿ ನೀರನ್ನೂ ನಿಲ್ಲಿಸಬೇಡಿ. ನಡುರಾತ್ರಿ ಒಮ್ಮೆ ಎಬ್ಬಿಸಿ. ಶಾಲೆಯಲ್ಲಿ ಶೌಚಾಲಯ ಸರಿಯಿಲ್ಲವೆಂದು ಹೆಣ್ಣುಮಕ್ಕಳು ಇಡೀ ದಿನ ನೀರು ಕುಡಿಯದೆ ಇರುತ್ತಾರೆ. ನೋವು ಮರುಕಳಿಸುವ ಹುಡುಗಿಯರಿಗೆ ಮಾತ್ರೆ ಹೆಚ್ಚಿಸುವ ಮೊದಲು ಈ ವಿಷಯ ಕೇಳಿ.

ನೋವು ಶುರುವಾದಾಗ ಮನೆಯಲ್ಲಿ ಏನು ಮಾಡಬೇಕು?

ಮೊದಲು ಜ್ವರ ನೋಡಿ. ಜ್ವರವಿಲ್ಲದಿದ್ದರೆ ಬೆಚ್ಚಗೆ ಹೊದಿಸಿ, ನೋಯುವ ಕಡೆ ಬಿಸಿನೀರಿನ ಬಾಟಲಿ ಬಟ್ಟೆ ಸುತ್ತಿ ಇಡಿ, ಗಂಟೆಗೊಮ್ಮೆ ಕುಡಿಯಲು ಕೊಡಿ. ಪ್ಯಾರಾಸಿಟಮಾಲ್ ಕಿಲೋಗೆ 15 ಮಿ.ಗ್ರಾಂ ಲೆಕ್ಕದಲ್ಲಿ ಆರು ಗಂಟೆಗೊಮ್ಮೆ. ‘ತುಂಬಾ ನೋವಾದಾಗ ಮಾತ್ರ’ ಎಂದು ಕಾಯಬೇಡಿ, ನೋವಿರುವಷ್ಟು ದಿನ ಗಡಿಯಾರ ನೋಡಿ ಕೊಡಿ. ಐಬುಪ್ರೊಫೆನ್ ಮೂತ್ರಪಿಂಡಕ್ಕೆ ಭಾರ, ವೈದ್ಯರು ಹೇಳಿದ್ದರೆ ಮಾತ್ರ, ಹೊಟ್ಟೆಗೆ ತಿಂದ ಮೇಲೆ.

ಇವು ಕಂಡರೆ ಮನೆಯಲ್ಲಿ ಉಳಿಯಬೇಡಿ: 101 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಹೆಚ್ಚಿನ ಜ್ವರ; ಎದೆನೋವು, ಕೆಮ್ಮು, ಏದುಸಿರು; ಕೈಕಾಲು ಸೋಲುವುದು, ಬಾಯಿ ಸೊಟ್ಟಗಾಗುವುದು, ಮಾತು ತೊದಲುವುದು, ಫಿಟ್ಸ್; ಹೊಟ್ಟೆ ಉಬ್ಬಿ ಬಿಳಿಚಿಕೊಳ್ಳುವುದು; ಗಂಡಸರಲ್ಲಿ ಶಿಶ್ನ ನಿಗುರಿ ನಾಲ್ಕು ಗಂಟೆಯಾದರೂ ಇಳಿಯದಿರುವುದು. ಕೊನೆಯದನ್ನು ಹುಡುಗರು ನಾಚಿಕೆಯಿಂದ ಹೇಳುವುದಿಲ್ಲ, ಮೊದಲೇ ಹೇಳಿಕೊಟ್ಟಿರಬೇಕು. ತಡವಾದರೆ ಶಾಶ್ವತ ಹಾನಿ.

ಆಸ್ಪತ್ರೆಯವರಿಗೆ: ಬಂದ ಒಂದು ಗಂಟೆಯೊಳಗೆ ನೋವಿಗೆ ಸರಿಯಾದ ಔಷಧ, ಅಗತ್ಯವಿದ್ದರೆ ಮಾರ್ಫಿನ್. ಡ್ರಿಪ್ ಅತಿಯಾದರೆ ಶ್ವಾಸಕೋಶದಲ್ಲಿ ನೀರು ತುಂಬಿ ಎದೆಯ ಬಿಕ್ಕಟ್ಟು (ಎದೆನೋವು, ಏದುಸಿರು ತರುವ ಶ್ವಾಸಕೋಶದ ತೊಂದರೆ) ಶುರುವಾಗಬಹುದು. ಬಾಯಿಂದ ಕುಡಿಯುತ್ತಿರುವವರಿಗೆ ಡ್ರಿಪ್ ಬೇಕಾಗಿಯೇ ಇಲ್ಲದಿರಬಹುದು. ಎಚ್ಚರವಿರುವಾಗ ಗಂಟೆಗೊಮ್ಮೆ ಹತ್ತು ಬಾರಿ ದೀರ್ಘ ಉಸಿರೆಳೆಸಿ.

ಹೈಡ್ರಾಕ್ಸಿಯೂರಿಯಾ ಕ್ಯಾನ್ಸರ್ ಮಾತ್ರೆಯಂತೆ. ಮಕ್ಕಳಿಗೆ ಕೊಡಬಹುದೇ?

ಕೊಡಬಹುದು, ಕೊಡಬೇಕು. ಕೆಲವು ರಕ್ತದ ಕ್ಯಾನ್ಸರ್‌ಗಳಿಗೂ ಬಳಸುತ್ತಾರೆ ನಿಜ. ಇಲ್ಲಿ ಅದರ ಕೆಲಸ ಬೇರೆ: ಮಜ್ಜೆಯಲ್ಲಿ ಹಿಮೋಗ್ಲೋಬಿನ್ ಎಫ್ ಮತ್ತೆ ಹೆಚ್ಚುವಂತೆ ಮಾಡುವುದು. ಎಫ್ ಹೆಚ್ಚಿದರೆ ನಾರು ಕಟ್ಟುವುದು ತಡವಾಗುತ್ತದೆ. ಕಣಗಳು ದಪ್ಪಗಾಗಿ ಒಳಗಿನ ದಟ್ಟಣೆಯೂ ಇಳಿಯುತ್ತದೆ, ಬಿಳಿ ಕಣಗಳೂ ಕಡಿಮೆಯಾಗುತ್ತವೆ. 1995ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಪ್ರಯೋಗದಲ್ಲಿ ನೋವಿನ ಬಿಕ್ಕಟ್ಟುಗಳು ಹೆಚ್ಚುಕಡಿಮೆ ಅರ್ಧಕ್ಕಿಳಿದವು.

ಶುರುವಿನ ಪ್ರಮಾಣ ಸಾಮಾನ್ಯವಾಗಿ ದಿನಕ್ಕೆ ಕಿಲೋಗೆ 15ರಿಂದ 20 ಮಿ.ಗ್ರಾಂ. ಭಾರತದಲ್ಲಿ 10 ಮಿ.ಗ್ರಾಂನಲ್ಲೂ ಒಳ್ಳೆಯ ಫಲ ಕಂಡಿದೆ. ಪ್ರಮಾಣ ಏರಿಸುತ್ತಿರುವಾಗ ನಾಲ್ಕು ವಾರಕ್ಕೊಮ್ಮೆ, ಸ್ಥಿರವಾದ ಮೇಲೆ ಎರಡು ಮೂರು ತಿಂಗಳಿಗೊಮ್ಮೆ ರಕ್ತಕಣಗಳ ಎಣಿಕೆ ಮಾಡಿಸಬೇಕು. ಪ್ಲೇಟ್‌ಲೆಟ್ 80,000ಕ್ಕಿಂತ ಇಳಿದರೆ, ಅಥವಾ ನ್ಯೂಟ್ರೋಫಿಲ್ ಎಂಬ ಬಿಳಿ ಕಣ ವೈದ್ಯರು ಇಟ್ಟ ಮಿತಿಗಿಂತ ಇಳಿದರೆ ನಿಲ್ಲಿಸಿ, ಚೇತರಿಸಿಕೊಂಡ ಮೇಲೆ ಕಡಿಮೆ ಪ್ರಮಾಣದಲ್ಲಿ ಮತ್ತೆ ಶುರು ಮಾಡುತ್ತಾರೆ.

ಹೆಚ್ಚಿನವರು ಬಿಡುವುದು ಎರಡನೇ ತಿಂಗಳಲ್ಲಿ, ‘ಏನೂ ಗುಣ ಕಾಣಲಿಲ್ಲ’ ಎಂದು. ಫಲ ಕಾಣಲು ಮೂರರಿಂದ ಆರು ತಿಂಗಳು ಬೇಕು. ಮಾತ್ರೆ ಸರಿಯಾಗಿ ತೆಗೆದುಕೊಳ್ಳುತ್ತಿದ್ದಾರೆಯೇ ಎಂದು ರಕ್ತ ಎಣಿಕೆಯ ವರದಿಯಲ್ಲಿ ಎಂಸಿವಿ (ಕೆಂಪುಕಣದ ಸರಾಸರಿ ಗಾತ್ರ) ನೋಡಿದರೆ ತಿಳಿಯುತ್ತದೆ. ತಿಂಗಳುಗಟ್ಟಲೆ ಮಾತ್ರೆ ನುಂಗಿಯೂ ಎಂಸಿವಿ ಏರದಿದ್ದರೆ ಮಾತ್ರೆ ಡಬ್ಬಿಯಲ್ಲೇ ಉಳಿದಿರಬಹುದು, ಇಲ್ಲವೇ ಜೊತೆಗೆ ಥಲಸ್ಸೀಮಿಯಾ ಇರಬಹುದು. ಒಂದು ದಿನ ಮರೆತರೆ ಮರುದಿನ ಎರಡು ನುಂಗಬೇಡಿ. ಕ್ಯಾಪ್ಸೂಲ್ ಬಿಚ್ಚಬೇಡಿ. ಗರ್ಭ ಧರಿಸುವ ಯೋಚನೆ ಇದ್ದರೆ, ಗಂಡಸರಾದರೂ, ಮೊದಲೇ ವೈದ್ಯರ ಜೊತೆ ಮಾತಾಡಿ.

ರಕ್ತ ಕಡಿಮೆ ಎಂದಾಗಲೆಲ್ಲ ಒಂದು ಬಾಟಲಿ ಹಾಕಿಸಿಬಿಟ್ಟರೆ ಸರಿಹೋಗುವುದಿಲ್ಲವೇ?

ಇಲ್ಲ. ಹಿಮೋಗ್ಲೋಬಿನ್ 10ಕ್ಕಿಂತ ಮೇಲೆ ಹೋದರೆ ಸಿಕಲ್ ಕಣಗಳಿರುವ ರಕ್ತ ಮಂದವಾಗಿ ಹರಿವು ನಿಧಾನವಾಗುತ್ತದೆ, ಅಂದರೆ ಮೂಲ ತೊಂದರೆಯೇ ಹೆಚ್ಚುತ್ತದೆ. ಪ್ರತಿ ಯೂನಿಟ್ಟಿನ ಜೊತೆ 200ರಿಂದ 250 ಮಿ.ಗ್ರಾಂ ಕಬ್ಬಿಣ ಬರುತ್ತದೆ, ಅದನ್ನು ಹೊರಹಾಕಲು ದೇಹಕ್ಕೆ ದಾರಿಯಿಲ್ಲ. ಬರೀ ನೋವಿಗೆ ರಕ್ತ ಹಾಕುವುದು ಚಿಕಿತ್ಸೆಯಲ್ಲ. ಗುಲ್ಮದಲ್ಲಿ ರಕ್ತ ತುಂಬಿಕೊಂಡಾಗ, ಪಾರ್ವೊ ವೈರಸ್ ತಗುಲಿ ಮಜ್ಜೆ ಕೆಲಸ ನಿಲ್ಲಿಸಿದಾಗ, ಎದೆಯ ಬಿಕ್ಕಟ್ಟಿನಲ್ಲಿ, ಲಕ್ವ ಹೊಡೆದಾಗ ಬೇಕೇ ಬೇಕು. ಹಾಕುವಾಗ ಎಬಿಓ ಜೊತೆಗೆ ಸಿ, ಇ ಮತ್ತು ಕೆಲ್ ಗುಂಪುಗಳನ್ನೂ ಹೊಂದಿಸಿದರೆ ಮುಂದೆ ಪ್ರತಿಕಾಯಗಳ ಕಾಟ ತಪ್ಪುತ್ತದೆ.

ಮಕ್ಕಳಲ್ಲಿ ಲಕ್ವ ಬರುವ ಮೊದಲೇ ತಿಳಿಯಲು ಒಂದು ಸುಲಭ ಪರೀಕ್ಷೆಯಿದೆ: ತಲೆಬುರುಡೆಯ ಮೂಲಕ ಮಾಡುವ ಡಾಪ್ಲರ್, 2ರಿಂದ 16 ವರ್ಷದವರೆಗೆ ವರ್ಷಕ್ಕೊಮ್ಮೆ. ಮಿದುಳಿನ ರಕ್ತನಾಳದಲ್ಲಿ ಹರಿವಿನ ವೇಗ ಸೆಕೆಂಡಿಗೆ 200 ಸೆಂ.ಮೀ. ಅಥವಾ ಹೆಚ್ಚಿದ್ದರೆ ಅಪಾಯ ಹೆಚ್ಚು; ಅಂಥ ಮಕ್ಕಳಿಗೆ ನಿಯಮಿತವಾಗಿ ರಕ್ತ ಹಾಕುವುದರಿಂದ ಲಕ್ವ ತಪ್ಪುತ್ತದೆ.

ಕಾಡಂಚಿನ ಜನರಲ್ಲೇ ಯಾಕೆ ಹೆಚ್ಚು?

ಮಲೇರಿಯಾದಿಂದ. ವಾಹಕರ ಕಣದಲ್ಲಿ ಫ್ಯಾಲ್ಸಿಪ್ಯಾರಮ್ ಮಲೇರಿಯಾ ಸರಿಯಾಗಿ ಬೆಳೆಯುವುದಿಲ್ಲ, ಹಾಗಾಗಿ ಮಲೇರಿಯಾ ಇದ್ದ ಪ್ರದೇಶಗಳಲ್ಲಿ ವಾಹಕ ಮಕ್ಕಳು ಹೆಚ್ಚು ಉಳಿದರು. ಪೂರ್ವ ಆಫ್ರಿಕಾದಲ್ಲಿ ಕೆಲಸ ಮಾಡಿದ ಆಂಟನಿ ಆಲಿಸನ್ 1954ರಲ್ಲಿ ಇದನ್ನು ತೋರಿಸಿದರು. ಈ ರಕ್ಷಣೆ ವಾಹಕರಿಗೆ ಮಾತ್ರ. ಸಿಕಲ್ ರೋಗಿಗೆ ಮಲೇರಿಯಾ ಬಂದರೆ ಬೇರೆಯವರಿಗಿಂತ ಹೆಚ್ಚು ಅಪಾಯ, ಸೊಳ್ಳೆಪರದೆ ಕಡ್ಡಾಯ.

ಭಾರತದಲ್ಲಿ ಇದು ಮೊದಲು ಪತ್ತೆಯಾಗಿದ್ದು ನಮ್ಮ ಗಡಿಯಾಚೆಯ ನೀಲಗಿರಿಯಲ್ಲಿ, 1952ರಲ್ಲಿ. ಅದೇ ಕಾಡಿನ ಮುಂದುವರಿಕೆಯಾದ ಚಾಮರಾಜನಗರ, ಮೈಸೂರು, ಕೊಡಗಿನ ಪೋಡು-ಹಾಡಿಗಳಲ್ಲಿ ಸೋಲಿಗ, ಜೇನುಕುರುಬ ಮುಂತಾದ ಸಮುದಾಯಗಳಲ್ಲೂ ಇದೆ. ಜಾತಿಯ ಕಾಯಿಲೆ ಇದಲ್ಲ. ಬೇರೆ ಸಮುದಾಯದವರಲ್ಲೂ ಸಿಗುತ್ತದೆ, ಹುಡುಕುವುದಿಲ್ಲವಾದ್ದರಿಂದ ತಡವಾಗಿ ಸಿಗುತ್ತದೆ. ಇಲ್ಲಿನ ರೋಗಿಗಳಲ್ಲಿ ಹೆಚ್ಚಾಗಿ ಕಾಣುವ ಅರಬ್-ಭಾರತೀಯ ಜೀನ್ ಮಾದರಿಯಲ್ಲಿ ಹಿಮೋಗ್ಲೋಬಿನ್ ಎಫ್ ಸಹಜವಾಗಿಯೇ ಹೆಚ್ಚು. ಗುಲ್ಮವೂ ಆಫ್ರಿಕಾದ ರೋಗಿಗಳಿಗಿಂತ ಹೆಚ್ಚು ವರ್ಷ ದೊಡ್ಡದಾಗಿಯೇ ಉಳಿಯುತ್ತದೆ. ಹಾಗೆಂದು ‘ನಮ್ಮಲ್ಲಿ ಸೌಮ್ಯ’ ಎಂದು ಕೈಬಿಡುವಂತಿಲ್ಲ, ತೀವ್ರ ರೋಗವಿರುವವರು ಬೇಕಾದಷ್ಟು ಜನ ಇದ್ದಾರೆ.

2023ರ ಜುಲೈ 1ರಂದು ಮಧ್ಯಪ್ರದೇಶದ ಶಹಡೋಲ್‌ನಲ್ಲಿ ಶುರುವಾದ ರಾಷ್ಟ್ರೀಯ ಅಭಿಯಾನ 40 ವರ್ಷದವರೆಗಿನ ಏಳು ಕೋಟಿ ಜನರ ತಪಾಸಣೆಯ ಗುರಿ ಇಟ್ಟುಕೊಂಡಿದೆ. ಕರ್ನಾಟಕವೂ ಅದರಲ್ಲಿದೆ.

ಜೀನ್ ಚಿಕಿತ್ಸೆಯಿಂದ ಪೂರ್ತಿ ವಾಸಿಯಾಗುತ್ತದೆಯಂತೆ?

2023ರ ನವೆಂಬರ್‌ನಲ್ಲಿ ಬ್ರಿಟನ್, ಡಿಸೆಂಬರ್‌ನಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟ ಕ್ಯಾಸ್‌ಗೆವಿ ಎಂಬ ಚಿಕಿತ್ಸೆ ಕೆಟ್ಟ ಅಕ್ಷರವನ್ನು ತಿದ್ದುವುದಿಲ್ಲ, ಹಾಗೆಂದು ಎಷ್ಟೋ ಕಡೆ ಬರೆದಿದ್ದರೂ. ಗಾಮಾ ಸರಪಳಿಯನ್ನು ಹುಟ್ಟಿದ ಮೇಲೆ ಅಡಗಿಸುವ ಬಿಸಿಎಲ್11ಎ ಎಂಬ ಜೀನ್ ಇದೆ. ಕೆಂಪುಕಣದ ಮೂಲಕೋಶಗಳಲ್ಲಿ ಅದು ಚಾಲೂ ಆಗದಂತೆ ಕ್ರಿಸ್ಪರ್ ಎಂಬ ಜೀನ್ ಕತ್ತರಿಯಿಂದ ಕತ್ತರಿಸುತ್ತಾರೆ. ಹಿಮೋಗ್ಲೋಬಿನ್ ಎಫ್ ಮತ್ತೆ ತುಂಬಿಕೊಳ್ಳುತ್ತದೆ. ಇದಕ್ಕಾಗಿ ರೋಗಿಯ ಮೂಲಕೋಶಗಳನ್ನು ಹೊರತೆಗೆದು, ತಿದ್ದಿ, ಉಳಿದ ಮಜ್ಜೆಯನ್ನು ತೀವ್ರ ಕೀಮೋಥೆರಪಿಯಿಂದ ಖಾಲಿ ಮಾಡಿ, ಮತ್ತೆ ಸೇರಿಸಬೇಕು. ಮಕ್ಕಳಾಗದಿರುವ ಅಪಾಯವಿದೆ. ಅಮೆರಿಕದಲ್ಲಿ ನಿಗದಿಯಾದ ಬೆಲೆ 22 ಲಕ್ಷ ಡಾಲರ್.

ನಮ್ಮಲ್ಲಿ ಈಗ ಕೈಗೆಟುಕುವ ವಾಸಿ ಎಂದರೆ ಅಸ್ಥಿಮಜ್ಜೆ ಕಸಿ. ಎಚ್‌ಎಲ್‌ಎ (ಕೋಶಗಳ ಮೇಲಿನ ಅಂಗಾಂಶ ಗುರುತು) ಹೊಂದುವ ಒಡಹುಟ್ಟಿದವರು ಬೇಕು, ಒಬ್ಬೊಬ್ಬರಲ್ಲೂ ಹೊಂದುವ ಸಂಭವ 25 ಶೇಕಡಾ. ದಾನಿ ವಾಹಕರಾದರೂ ಅಡ್ಡಿಯಿಲ್ಲ. ಅಂಗಗಳು ಹಾಳಾಗುವ ಮೊದಲು, ಚಿಕ್ಕ ವಯಸ್ಸಿನಲ್ಲಿ ಮಾಡಿದರೆ ಫಲ ಚೆನ್ನ.

ಅಂಗವಿಕಲರ ಪ್ರಮಾಣಪತ್ರ ಸಿಗುತ್ತದೆಯೇ?

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಸಿಕಲ್ ಸೆಲ್ ಕಾಯಿಲೆಯೂ ಸೇರಿದೆ. ಎಚ್‌ಪಿಎಲ್‌ಸಿ ವರದಿ, ಆಸ್ಪತ್ರೆಗೆ ಸೇರಿದ ದಾಖಲೆಗಳೊಂದಿಗೆ ಯುಡಿಐಡಿಗೆ (ಅಂಗವಿಕಲರ ವಿಶಿಷ್ಟ ಗುರುತಿನ ಚೀಟಿ) ಅರ್ಜಿ ಹಾಕಬೇಕು. ವಾಹಕರಿಗೆ ಅನ್ವಯಿಸುವುದಿಲ್ಲ.

ಸಿಕಲ್ ರೋಗಿಗೆ ಸಕ್ಕರೆ ಕಾಯಿಲೆಯೂ ಇದೆ. ಎಚ್‌ಬಿಎ1ಸಿ ಚೆನ್ನಾಗಿಯೇ ಬರುತ್ತಿದೆ, ಸಾಕಲ್ಲ?

ಆ ಅಂಕಿಯನ್ನು ನಂಬಬೇಡಿ. ಕೆಂಪುಕಣ ಮೂರು ತಿಂಗಳಿಗೂ ಹೆಚ್ಚು ಕಾಲ ರಕ್ತದಲ್ಲಿ ಸಕ್ಕರೆ ಹೀರಿಕೊಂಡಿರುತ್ತದೆ ಎಂಬ ಲೆಕ್ಕದ ಮೇಲೆ ಆ ಪರೀಕ್ಷೆ ನಿಂತಿದೆ. ಎರಡೇ ವಾರಕ್ಕೆ ಒಡೆದುಹೋಗುವ ಕಣದಲ್ಲಿ ಅಂಕಿ ಸುಳ್ಳಾಗಿಯೇ ಕಡಿಮೆ ಬರುತ್ತದೆ. ಹಿಮೋಗ್ಲೋಬಿನ್ ಎ ಇಲ್ಲವೇ ಇಲ್ಲದವರಲ್ಲಿ ಅಳೆಯಲು ಎ1ಸಿಯೇ ಇರುವುದಿಲ್ಲ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ, ಊಟವಾಗಿ ಎರಡು ಗಂಟೆಗೆ ಗ್ಲೂಕೋಸ್ ನೋಡಿಸಿ, ಸೌಲಭ್ಯವಿದ್ದರೆ ಕೆಂಪುಕಣವನ್ನು ಅವಲಂಬಿಸದ ಫ್ರಕ್ಟೋಸಮಿನ್ ಪರೀಕ್ಷೆ ಮಾಡಿಸಿ.